ಕೇಂದ್ರದಲ್ಲಿ ಎಳೆಯುವವರು ಯಾರೂ ಇಲ್ಲ

ಬೆಂಗಳೂರಿನ ನೆಲದಿಂದ ಭೂಮಿಯ ನಟ್ಟನಡುವನ್ನು ಹಾದುಹೋಗುವಂತೆ ಒಂದು ಗೆರೆ ಎಳೆದರೆ ಅದು ಆಚೆ ಬದಿಯಲ್ಲಿ ಪೆಸಿಫಿಕ್ ಸಾಗರದಲ್ಲಿ ಹೊರಬೀಳುತ್ತದೆ. ಪೆರು ದೇಶದ ಕರಾವಳಿಯಿಂದ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ, ಸುತ್ತಲೂ ನೀರೇ ನೀರು. ಅಲ್ಲಿ ಸಾಗುವ ಹಡಗಿನ ನಾವಿಕರ ಅಂಗಾಲು ನಮ್ಮ ಅಂಗಾಲಿನ ಕಡೆಗೇ ತಿರುಗಿದೆ. ಅವರೇಕೆ ಬೀಳುವುದಿಲ್ಲ, ಸಾಗರದ ನೀರೇಕೆ ಸುರಿದುಹೋಗುವುದಿಲ್ಲ ಎಂದು ಮಕ್ಕಳು ಕೇಳುತ್ತಾರೆ. ಭೂಮಿಯ ಕೇಂದ್ರ ಎಲ್ಲವನ್ನೂ ತನ್ನತ್ತ ಎಳೆಯುತ್ತದೆ ಎಂದು ಹೇಳಿ ನಾವು ಮಾತು ಮುಗಿಸುತ್ತೇವೆ.

ಆ ಉತ್ತರ ಅರ್ಧ ಸರಿ. ಬಿಟ್ಟ ವಸ್ತು ಕೇಂದ್ರದ ದಿಕ್ಕಿಗೆ ಬೀಳುವುದು ನಿಜ. ಆದರೆ ಕೇಂದ್ರವೆಂಬ ಬಿಂದುವಿಗೆ ಯಾವ ವಿಶೇಷ ಶಕ್ತಿಯೂ ಇಲ್ಲ. ಎಳೆಯುವುದು ಇಡೀ ಭೂಮಿ: ಅಂಗಳದ ಕಲ್ಲು, ಪಕ್ಕದ ಬೆಟ್ಟ, ಅರಬ್ಬಿ ಸಮುದ್ರದ ನೀರು, ಆಳದ ಕಬ್ಬಿಣ, ಪೆಸಿಫಿಕ್ಕಿನ ತಳದ ಕೆಸರು. ಇವುಗಳಲ್ಲಿ ಒಂದೊಂದು ಕಣವೂ ನಮ್ಮನ್ನು ತನ್ನ ತನ್ನ ಕಡೆಗೆ ಎಳೆಯುತ್ತದೆ. ಈ ಕೋಟ್ಯನುಕೋಟಿ ಎಳೆತಗಳನ್ನೆಲ್ಲ ಕೂಡಿ ಕಳೆದ ಮೇಲೆ ಉಳಿಯುವ ಮೊತ್ತದ ದಿಕ್ಕು ಕೇಂದ್ರದತ್ತ ಇರುತ್ತದೆ, ಅಷ್ಟೆ. ಇದು ಗೊತ್ತಾಗಲು ಮನುಷ್ಯನಿಗೆ ಎರಡು ಸಾವಿರ ವರ್ಷ ಬೇಕಾಯಿತು. ಗೊತ್ತಾದ ಮೇಲೆ ಭೂಮಿಯ ಒಡಲನ್ನು ಅಗೆಯದೆಯೇ ಅಳೆಯುವ ವಿದ್ಯೆ ಕೈಗೆ ಬಂತು.

ಗ್ರೀಕ್ ದಾರ್ಶನಿಕ ಅರಿಸ್ಟಾಟಲ್‌ನ ಲೆಕ್ಕದಲ್ಲಿ ಪ್ರಧಾನವಾದದ್ದು ಜಾಗ. ವಿಶ್ವಕ್ಕೊಂದು ನಡುವಿದೆ, ಭಾರದ ವಸ್ತುಗಳೆಲ್ಲ ಸ್ವಭಾವದಿಂದಲೇ ಅಲ್ಲಿಗೆ ಹೋಗುತ್ತವೆ, ಹಾಗೆ ಹೋಗಿ ಸೇರಿದ್ದರಿಂದಲೇ ಭೂಮಿ ಅಲ್ಲಿದೆ ಎಂಬುದು ಅವನ ವಾದ. ಭೂಮಿಯನ್ನೇ ಎತ್ತಿ ಚಂದ್ರನಿರುವಲ್ಲಿಗೆ ಸರಿಸಿದರೂ ಕೈಬಿಟ್ಟ ಮಣ್ಣಿನ ಹೆಂಟೆ ಭೂಮಿಯ ಹಿಂದೆ ಹೋಗದೆ ಹಳೆಯ ಜಾಗಕ್ಕೇ ಹೋಗುತ್ತದೆ ಎಂದು ಅವನು ಬರೆದ. ಅಂದರೆ ಭೂಮಿಗೂ ಬೀಳುವಿಕೆಗೂ ನೇರ ಸಂಬಂಧವೇ ಇರಲಿಲ್ಲ.

ನಮ್ಮ ಖಗೋಳಜ್ಞರು ಇದನ್ನು ಬೇರೆ ದಾರಿಯಲ್ಲಿ ನೋಡಿದರು. ಕ್ರಿ.ಶ. 499ರ ಹೊತ್ತಿನ ‘ಆರ್ಯಭಟೀಯ’ದಲ್ಲಿ ಭೂಗೋಳಕ್ಕೆ ಕದಂಬದ ಹೂವಿನ ಹೋಲಿಕೆ ಬರುತ್ತದೆ: ಆ ಹೂವಿನ ಉಂಡೆಯ ಸುತ್ತ ಎಲ್ಲ ದಿಕ್ಕಿಗೂ ಎಸಳುಗಳು ನಿಂತಿರುವ ಹಾಗೆ ಭೂಮಿಯ ಸುತ್ತ ಜೀವಿಗಳು ನಿಂತಿವೆ. ಪ್ರತಿ ಎಸಳಿಗೂ ಉಂಡೆಯ ಕಡೆಯೇ ಕೆಳಗು. ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಭೂಮಿಗೆ ಆಕರ್ಷಿಸುವ ಶಕ್ತಿಯಿದೆ, ಆಕಾಶದಲ್ಲಿರುವ ಭಾರದ ವಸ್ತುವನ್ನು ಅದು ತನ್ನತ್ತ ಎಳೆದುಕೊಳ್ಳುವುದೇ ನಮಗೆ ಬೀಳುವಂತೆ ಕಾಣುತ್ತದೆ ಎಂದರು. ಸುತ್ತಲೂ ಸಮವಾಗಿ ಆಕಾಶವೇ ಇರುವಾಗ ಭೂಮಿ ತಾನು ಎಲ್ಲಿಗೆ ಬೀಳಬೇಕು ಎಂದೂ ಕೇಳಿದರು. ಎಳೆಯುವುದು ಜಾಗವಲ್ಲ, ಭೂಮಿ ಎಂಬ ಅರಿವು ಅಲ್ಲಿ ಸ್ಪಷ್ಟವಾಗಿದೆ. ಇದನ್ನು ಹಿಡಿದುಕೊಂಡು ನ್ಯೂಟನ್ ಹೇಳಿದ್ದನ್ನೆಲ್ಲ ನಮ್ಮವರು ಮೊದಲೇ ಹೇಳಿದ್ದರು ಎಂದು ಬೀಗುವವರ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟು ದೂರಕ್ಕೆ ಎಷ್ಟು ಎಳೆತ ಎಂಬ ಲೆಕ್ಕ ಅಲ್ಲಿಲ್ಲ, ಬೀಳುವ ವಸ್ತುವೂ ಭೂಮಿಯನ್ನು ಎಳೆಯುತ್ತದೆ ಎಂಬ ಮಾತೂ ಇಲ್ಲ. ಅವರು ಹೇಳಿದ್ದೇ ಸಾಕಷ್ಟು ದೊಡ್ಡದು. ಅದಕ್ಕೆ ಇಲ್ಲದ್ದನ್ನು ಅಂಟಿಸಿದರೆ ಭಾಸ್ಕರರಿಗೆ ಗೌರವ ಹೆಚ್ಚುವುದಿಲ್ಲ.

ಲೆಕ್ಕ ಬಂದದ್ದು ಐಸಾಕ್ ನ್ಯೂಟನ್‌ನಿಂದ. ಸೇಬಿನ ಕತೆ ಎಲ್ಲರಿಗೂ ಗೊತ್ತು. ಅದರ ಹಿಂದಿದ್ದ ತೊಡಕು ಅಷ್ಟಾಗಿ ಗೊತ್ತಿಲ್ಲ. ನೆಲದ ಹತ್ತಿರ ಕೈಬಿಟ್ಟ ವಸ್ತು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರನೂ ಭೂಮಿಯತ್ತ ಸದಾ ಬೀಳುತ್ತಲೇ ಇದ್ದಾನೆ. ಸರಳರೇಖೆಯಲ್ಲಿ ಸಾಗಿಹೋಗಬೇಕಾದವನು ಸೆಕೆಂಡಿಗೆ ಸುಮಾರು 1.4 ಮಿಲಿಮೀಟರ್ ನಮ್ಮ ಕಡೆಗೆ ಬಾಗುತ್ತಾನೆ, ಹಾಗೆ ಬಾಗುತ್ತಲೇ ಸುತ್ತು ಹಾಕುತ್ತಾನೆ. ಎರಡನ್ನೂ ಹೋಲಿಸಿದರೆ ಚಂದ್ರನ ಬೀಳುವಿಕೆ ಸುಮಾರು 3,600 ಪಟ್ಟು ಕಡಿಮೆ. ಚಂದ್ರನಿರುವುದು ಭೂಮಿಯ ಕೇಂದ್ರದಿಂದ ಸುಮಾರು 60 ಭೂತ್ರಿಜ್ಯದಷ್ಟು ದೂರದಲ್ಲಿ. 60ರ ವರ್ಗ 3,600. ದೂರ ಎರಡು ಪಟ್ಟಾದರೆ ಎಳೆತ ನಾಲ್ಕನೇ ಒಂದು ಭಾಗ, ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗ ಎಂಬ ನಿಯಮಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಆದರೆ ಈ ಲೆಕ್ಕದಲ್ಲಿ ಒಂದು ವಿಷಯ ಸದ್ದಿಲ್ಲದೆ ಸೇರಿಕೊಂಡಿದೆ. ಚಂದ್ರನಿಗೆ ದೂರ ಅಳೆಯುವಾಗ ಭೂಮಿಯ ಕೇಂದ್ರದಿಂದ ಅಳೆಯುವುದು ಸರಿ ಅನ್ನಿಸುತ್ತದೆ, ಅಷ್ಟು ದೂರದಲ್ಲಿ ಎಲ್ಲಿಂದ ಅಳೆದರೂ ಹೆಚ್ಚು ವ್ಯತ್ಯಾಸವಾಗದು. ಮರದ ಮೇಲಿನ ಹಣ್ಣಿಗೆ ಮಾತ್ರ ಭೂಮಿ ನಾಲ್ಕು ಮೀಟರ್ ಕೆಳಗೇ ಇದೆ. ಅದಕ್ಕೂ ದೂರ 6,400 ಕಿ.ಮೀ. ಎಂದು ಹಿಡಿಯಲು ಏನು ಆಧಾರ? ಬುಡದ ಮಣ್ಣು ಹಣ್ಣಿಗೆ ತೀರ ಹತ್ತಿರ, ಆಚೆ ಬದಿಯ ಸಾಗರ ಸುಮಾರು 12,800 ಕಿ.ಮೀ. ದೂರ. ಹತ್ತಿರದ ಮಣ್ಣೇ ಹೆಚ್ಚು ಜೋರಾಗಿ ಎಳೆಯಬೇಕಲ್ಲವೆ?

ಬೆಂಗಳೂರಿನಲ್ಲಿ ನಿಂತ ಒಬ್ಬರನ್ನು ಇಟ್ಟುಕೊಂಡೇ ಯೋಚಿಸೋಣ. ಮಲೆನಾಡಿನ ಕಡೆಯ ನೆಲ ಅವರನ್ನು ಪಶ್ಚಿಮಕ್ಕೆ ಎಳೆಯುತ್ತದೆ, ಕೋಲಾರದ ಕಡೆಯ ನೆಲ ಪೂರ್ವಕ್ಕೆ. ತುಮಕೂರಿನ ಬಂಡೆ ಒಂದು ಕಡೆಗೆ, ಹೊಸೂರಿನ ಬಂಡೆ ಇನ್ನೊಂದು ಕಡೆಗೆ. ಅಡ್ಡಡ್ಡ ಎಳೆತಗಳು ಎದುರುಬದುರಾಗಿ ಒಂದನ್ನೊಂದು ಕಳೆದುಹಾಕುತ್ತವೆ. ಆದರೆ ಈ ಎಳೆತಗಳಲ್ಲಿ ಪ್ರತಿಯೊಂದಕ್ಕೂ ಕೆಳಮುಖದ ಒಂದು ಪಾಲು ಇದೆ, ಏಕೆಂದರೆ ಭೂಮಿಯೆಲ್ಲ ಇರುವುದು ಅವರಿಗಿಂತ ಕೆಳಗೆ. ಆ ಪಾಲುಗಳು ಕಳೆದುಹೋಗುವುದಿಲ್ಲ, ಕೂಡುತ್ತಾ ಹೋಗುತ್ತವೆ. ಹತ್ತಿರದ ಕಣಗಳು ಬಲವಾಗಿ ಎಳೆದರೂ ಅವು ಕೆಲವೇ, ಮೇಲಾಗಿ ಅವುಗಳ ಎಳೆತದ ಬಹುಪಾಲು ಅಡ್ಡಡ್ಡವಾದದ್ದು. ದೂರದವು ಮೆಲ್ಲಗೆ ಎಳೆದರೂ ಅವುಗಳ ಸಂಖ್ಯೆ ಅಪಾರ, ದಿಕ್ಕೂ ನೇರ ಕೆಳಕ್ಕೆ. ಅಡಿಯ ಒಂದು ಕಿಲೋಮೀಟರ್ ದಪ್ಪದ ಬಂಡೆಯ ಹಾಸು, ಸುತ್ತಲೂ ಎಷ್ಟೇ ದೂರ ಹರಡಿದ್ದರೂ, ನಮ್ಮ ತೂಕಕ್ಕೆ ಕೊಡುವ ಪಾಲು ಹೆಚ್ಚುಕಡಿಮೆ ಹತ್ತು ಸಾವಿರದಲ್ಲಿ ಒಂದು ಭಾಗ. ಉಳಿದದ್ದೆಲ್ಲ ಇನ್ನೂ ಕೆಳಗಿನಿಂದ ಬರುತ್ತದೆ.

ಎಲ್ಲವನ್ನೂ ಕೂಡಿದಾಗ ಬರುವ ಮೊತ್ತ ಎಷ್ಟು? ನ್ಯೂಟನ್ 1685ರ ಸುಮಾರಿಗೆ ಇದನ್ನು ರೇಖಾಗಣಿತದಿಂದಲೇ ಸಾಧಿಸಿ, 1687ರ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಸೇರಿಸಿದ. ಸಮನಾದ ಗೋಳಾಕಾರದ ಪದರವೊಂದು ಹೊರಗಿನ ವಸ್ತುವನ್ನು ಎಳೆಯುವ ರೀತಿಗೂ, ಆ ಪದರದ ಇಡೀ ದ್ರವ್ಯರಾಶಿ ಅದರ ಕೇಂದ್ರದಲ್ಲೇ ಮುದುಡಿಕೊಂಡಿದ್ದರೆ ಎಳೆಯುತ್ತಿದ್ದ ರೀತಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಭೂಮಿ ಇಂಥ ಪದರಗಳ ಮೇಲೆ ಪದರ. ಒಳಗಿನ ಪದರ ಕಬ್ಬಿಣದ್ದಾಗಿ, ಹೊರಗಿನದು ಕಲ್ಲಿನದಾಗಿ ಸಾಂದ್ರತೆ ಬೇರೆ ಬೇರೆಯಾಗಿದ್ದರೂ ಚಿಂತೆಯಿಲ್ಲ, ಪ್ರತಿ ಪದರವೂ ತನ್ನಷ್ಟಕ್ಕೆ ಸಮನಾಗಿದ್ದರೆ ಸಾಕು. ಹಣ್ಣಿನಿಂದ 6,400 ಕಿ.ಮೀ. ಎಂದು ಹಿಡಿದದ್ದು ಹೀಗೆ ಸರಿಯಾಯಿತು. ಇಲ್ಲದ ಒಂದು ಬಿಂದುವಿನ ಎಳೆತವನ್ನು ಇರುವಂತೆ ಲೆಕ್ಕ ಹಾಕಲು ಪ್ರಕೃತಿ ಕೊಟ್ಟ ಅನುಮತಿ ಇದು. ಭೌತಶಾಸ್ತ್ರದಲ್ಲಿ ಇದಕ್ಕಿಂತ ಸುಂದರವಾದ ಫಲಿತಾಂಶಗಳು ಹೆಚ್ಚಿಲ್ಲ ಎಂದೇ ನನ್ನ ಭಾವನೆ.

ಗ್ರಹಗಳು ದುಂಡಗಿರುವುದಕ್ಕೂ ಪ್ರತಿ ಕಣದ ಈ ಎಳೆತವೇ ಕಾರಣ. ಎಲ್ಲ ಕಣಗಳೂ ಎಲ್ಲ ಕಣಗಳನ್ನೂ ಎಳೆಯುವಾಗ ಎತ್ತರದಲ್ಲಿರುವುದು ಕುಸಿಯುತ್ತದೆ, ತಗ್ಗು ತುಂಬುತ್ತದೆ. ಆದರೆ ಕಲ್ಲಿನ ಗಟ್ಟಿತನವನ್ನು ಸೋಲಿಸುವಷ್ಟು ಎಳೆತ ಬೇಕು. ಮಂಗಳನ ಪುಟ್ಟ ಚಂದ್ರ ಫೋಬೋಸ್ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನದು, ಅದಕ್ಕೆ ಆ ಬಲವಿಲ್ಲ, ಅಡ್ಡಾದಿಡ್ಡಿಯಾಗಿಯೇ ಉಳಿದಿದೆ. ಮಂಗಳನ ಎಳೆತ ಭೂಮಿಯ ಶೇ 38ರಷ್ಟು ಮಾತ್ರ, ಆದ್ದರಿಂದ ಅಲ್ಲಿ ಒಲಿಂಪಸ್ ಮಾನ್ಸ್ ಎಂಬ ಜ್ವಾಲಾಮುಖಿ ಇಪ್ಪತ್ತು ಕಿಲೋಮೀಟರಿಗೂ ಮೀರಿ ಬೆಳೆದು ನಿಂತಿದೆ. ನಮ್ಮಲ್ಲಿ ಎವರೆಸ್ಟ್ ಒಂಬತ್ತು ಕಿಲೋಮೀಟರಿಗೂ ತುಸು ಕಡಿಮೆ.

ನ್ಯೂಟನ್‌ನ ಸಾಧನೆಗೆ ಇನ್ನೊಂದು ಮುಖವಿದೆ. ಅದೇ ಪದರದ ಒಳಗೆ ನಾವಿದ್ದರೆ? ಒಂದು ಬದಿಯ ಗೋಡೆ ಹತ್ತಿರ, ಇನ್ನೊಂದು ದೂರ. ಹತ್ತಿರದ್ದು ಬಲವಾಗಿ ಎಳೆಯುತ್ತದೆ, ಆದರೆ ಆ ದಿಕ್ಕಿನಲ್ಲಿ ನಮಗೆ ಎದುರಾಗುವ ಗೋಡೆಯ ತುಂಡು ಚಿಕ್ಕದು. ಅದಕ್ಕೆ ಎದುರು ದಿಕ್ಕಿನಲ್ಲಿ ಗೋಡೆ ದೂರ, ತುಂಡು ದೊಡ್ಡದು. ದೂರ ಹೆಚ್ಚಿದ ಹಾಗೆ ತುಂಡಿನ ವಿಸ್ತಾರ ವರ್ಗದ ಪ್ರಮಾಣದಲ್ಲಿ ಹಿಗ್ಗುತ್ತದೆ, ಎಳೆತ ಅದೇ ವರ್ಗದ ಪ್ರಮಾಣದಲ್ಲಿ ಕುಗ್ಗುತ್ತದೆ. ಎರಡೂ ತಾಳೆಯಾಗಿ ಒಳಗಿನ ಒಟ್ಟು ಎಳೆತ ಸೊನ್ನೆ. ಪದರದೊಳಗೆ ಎಲ್ಲಿ ನಿಂತರೂ ಅಷ್ಟೇ. ಹಾಗಾಗಿ ಭೂಮಿಯೊಳಕ್ಕೆ ಇಳಿದವರ ಮೇಲೆ ಮೇಲಿನ ಪದರಗಳ ಎಳೆತ ಇಲ್ಲವಾಗುತ್ತದೆ, ಕೆಳಗಿರುವ ಗೋಳ ಮಾತ್ರ ಎಳೆಯುತ್ತದೆ. ನಟ್ಟನಡುವೆ ತಲುಪಿದರೆ ಕೆಳಗೆ ಏನೂ ಉಳಿದಿರುವುದಿಲ್ಲ. ಎಲ್ಲವನ್ನೂ ಎಳೆಯುವ ಸ್ಥಾನವೆಂದು ನಾವು ತಿಳಿದ ಆ ಬಿಂದುವಿನಲ್ಲಿ ತೂಕವೇ ಇಲ್ಲ!

ಹಾಗಾದರೆ ಇಳಿಯುತ್ತಾ ಹೋದಂತೆ ತೂಕ ಒಂದೇ ಸಮನೆ ಕಡಿಮೆಯಾಗಬೇಕು ಎಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. 60 ಕಿಲೋ ತೂಗುವ ಕಾರ್ಮಿಕರೊಬ್ಬರು ಅಲ್ಲಿ ಮೂರು ಕಿಲೋಮೀಟರ್ ಇಳಿದು ಸ್ಪ್ರಿಂಗ್ ತಕ್ಕಡಿಯ ಮೇಲೆ ನಿಂತಿದ್ದರೆ ತೂಕ ಹತ್ತು-ಹದಿನೈದು ಗ್ರಾಂ ಹೆಚ್ಚಿಗೆ ತೋರಬೇಕಿತ್ತು. ಮೇಲೆ ಬಿಟ್ಟುಬಂದ ಕಲ್ಲು ಹಗುರ, ನೀರಿನ ಮೂರು ಪಟ್ಟಿಗಿಂತ ಹೆಚ್ಚಿಲ್ಲ. ಇಡೀ ಭೂಮಿಯ ಸರಾಸರಿ ಸಾಂದ್ರತೆ ನೀರಿನ ಐದೂವರೆ ಪಟ್ಟು. ಕಳೆದುಕೊಂಡದ್ದಕ್ಕಿಂತ, ಒಳಗಿನ ಭಾರವಾದ ತಿರುಳಿಗೆ ಹತ್ತಿರವಾದ ಲಾಭವೇ ದೊಡ್ಡದು. ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ ಇದನ್ನು 1854ರಲ್ಲಿ ಹಾರ್ಟನ್ ಕಲ್ಲಿದ್ದಲು ಗಣಿಯಲ್ಲಿ ತೋರಿಸಿಕೊಟ್ಟ. ನೆಲದ ಮೇಲೆ ಒಂದು ಲೋಲಕ, 1,250 ಅಡಿ ಕೆಳಗೆ ಇನ್ನೊಂದು. ಕೆಳಗಿನದು ದಿನಕ್ಕೆ ಎರಡೂಕಾಲು ಸೆಕೆಂಡು ಮುಂದೆ ಓಡಿತು. ಈಗ ಭೂಕಂಪದ ಅಲೆಗಳಿಂದ ಸಿಕ್ಕಿರುವ ಚಿತ್ರದ ಪ್ರಕಾರ ಎಳೆತ ಸುಮಾರು 2,900 ಕಿ.ಮೀ. ಆಳದವರೆಗೂ ಹೆಚ್ಚುಕಡಿಮೆ ಇಷ್ಟೇ ಇದ್ದು, ಕಬ್ಬಿಣದ ತಿರುಳಿನ ಅಂಚಿನಲ್ಲಿ ಇಲ್ಲಿಗಿಂತ ಹೆಚ್ಚಾಗಿ, ಅಲ್ಲಿಂದ ಮುಂದಷ್ಟೇ ಸೊನ್ನೆಯ ಕಡೆಗೆ ಇಳಿಯುತ್ತದೆ.

ಇಷ್ಟು ಹೊತ್ತೂ ಭೂಮಿಯನ್ನು ಪರಿಪೂರ್ಣ ಗೋಳವೆಂದೇ ಹಿಡಿದೆವು. ಅದು ಹಾಗಿಲ್ಲ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆ ಕೆಲಸದವರು ಇಳಿಬಿಡುವ ತೂಗುಗುಂಡಿನ ದಾರವನ್ನು ಬೆಂಗಳೂರಿನಲ್ಲಿ ಹಾಗೇ ಕೆಳಕ್ಕೆ ಮುಂದುವರಿಸಿದರೆ, ಅದು ಭೂಮಿಯ ಕೇಂದ್ರವನ್ನು ಸುಮಾರು 9 ಕಿ.ಮೀ. ಅಂತರದಿಂದ ತಪ್ಪಿಸಿಕೊಂಡು ದಕ್ಷಿಣದ ಮಗ್ಗುಲಲ್ಲಿ ಹಾದುಹೋಗುತ್ತದೆ. 45 ಡಿಗ್ರಿ ಅಕ್ಷಾಂಶದ ಊರುಗಳಲ್ಲಿ ಈ ಅಂತರ 21 ಕಿ.ಮೀ. ಭೂಮಿ ತಿರುಗುತ್ತಿರುವುದರಿಂದ ಎಳೆತದ ಒಂದು ಸಣ್ಣ ಪಾಲು ನಮ್ಮನ್ನು ವೃತ್ತದಲ್ಲಿ ತಿರುಗಿಸಿಕೊಂಡು ಹೋಗುವುದಕ್ಕೇ ಖರ್ಚಾಗುತ್ತದೆ. ಈ ತಿರುಗುವಿಕೆಯಿಂದಲೇ ಭೂಮಿಯ ನಡು ಉಬ್ಬಿದೆ: ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಫ್ರಾನ್ಸಿನ ಜಾನ್ ರಿಷೆ 1672ರಲ್ಲಿ ಪ್ಯಾರಿಸ್ಸಿನಿಂದ ದಕ್ಷಿಣ ಅಮೆರಿಕದ ಕಾಯೆನ್‌ಗೆ ಒಯ್ದ ಲೋಲಕದ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿದ್ದದ್ದು ಇದೇ ಕಾರಣಕ್ಕೆ. ಕೇಂದ್ರದಿಂದ ಅಳೆದರೆ ಅತಿ ದೂರದ ಶಿಖರ ಎವರೆಸ್ಟ್ ಅಲ್ಲ, ಸಮಭಾಜಕದ ಬಳಿ ಇರುವ ಈಕ್ವೆಡಾರಿನ ಚಿಂಬೊರಾಸೊ. ಅದು ಎವರೆಸ್ಟಿಗಿಂತ ಎರಡು ಕಿಲೋಮೀಟರಿನಷ್ಟು ಹೆಚ್ಚು ದೂರದಲ್ಲಿದೆ.

ಪ್ರತಿ ಕಲ್ಲೂ ಎಳೆಯುತ್ತದೆ ಎಂಬುದು ನಿಜವಾದರೆ ಬೆಟ್ಟದ ಪಕ್ಕದಲ್ಲಿ ತೂಗುಗುಂಡು ಬೆಟ್ಟದ ಕಡೆಗೆ ವಾಲಬೇಕು. 1774ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ನೆವಿಲ್ ಮ್ಯಾಸ್ಕೆಲೀನ್ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದಲ್ಲಿ ಬೀಡುಬಿಟ್ಟು ಇದನ್ನು ಪರೀಕ್ಷಿಸಿದ. ಬೆಟ್ಟದ ಉತ್ತರ, ದಕ್ಷಿಣ ಎರಡೂ ಬದಿಗಳಲ್ಲಿ ಗುಂಡು ವಾಲಿತು. ಎರಡೂ ಸೇರಿ 11.6 ಸೆಕೆಂಡಿನ ಕೋನ. ಇಲ್ಲಿ ಸೆಕೆಂಡೆಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ, ಪಂಚಾಂಗದ ಲೆಕ್ಕದಲ್ಲಿ ವಿಕಲೆ. ಬೆಟ್ಟದ ಗಾತ್ರ ಅಳೆದು, ಅದರ ಎಳೆತವನ್ನು ಭೂಮಿಯ ಎಳೆತದೊಂದಿಗೆ ಹೋಲಿಸಿ, ಗಣಿತಜ್ಞ ಚಾರ್ಲ್ಸ್ ಹಟನ್ ಭೂಮಿಯ ಸರಾಸರಿ ಸಾಂದ್ರತೆ ನೀರಿನ ನಾಲ್ಕೂವರೆ ಪಟ್ಟು ಎಂದು ಲೆಕ್ಕ ಹಾಕಿದ. ಭೂಮಿ ಒಳಗೆ ಟೊಳ್ಳಿರಬಹುದು ಎಂಬ ಊಹೆ ಅಲ್ಲಿಗೆ ಬಿದ್ದುಹೋಯಿತು. 1798ರಲ್ಲಿ ವಿಜ್ಞಾನಿ ಹೆನ್ರಿ ಕ್ಯಾವೆಂಡಿಷ್ ತನ್ನ ಮನೆಯ ಆವರಣದಲ್ಲಿ ಸೀಸದ ಗುಂಡುಗಳ ನಡುವಿನ ಎಳೆತವನ್ನೇ ಅಳೆದು ಇಂದಿನ ಐದೂವರೆಗೆ ಬಹಳ ಹತ್ತಿರ ಬಂದ.

ಈ ಕತೆಯ ಅತ್ಯಂತ ಸ್ವಾರಸ್ಯದ ಅಧ್ಯಾಯ ನಡೆದದ್ದು ಭಾರತದಲ್ಲಿ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಶುರುಮಾಡಿದ ಮಹಾ ತ್ರಿಕೋನಮಿತಿ ಸರ್ವೆ ದಶಕಗಳ ಕಾಲ ಉತ್ತರಕ್ಕೆ ಸಾಗಿತು. ಲ್ಯಾಂಬ್ಟನ್ ನಂತರ ಅದರ ಹೊಣೆ ಹೊತ್ತ ಜಾರ್ಜ್ ಎವರೆಸ್ಟ್, ಮಧ್ಯಭಾರತದ ಕಲಿಯಾನ್‌ಪುರದಿಂದ ಈಗಿನ ಉತ್ತರ ಪ್ರದೇಶದ ಕಲಿಯಾನಾವರೆಗಿನ ಅಂತರವನ್ನು ಎರಡು ಬಗೆಯಲ್ಲಿ ಅಳೆದ: ನೆಲದ ಮೇಲೆ ತ್ರಿಕೋನಗಳಿಂದ, ಆಕಾಶದ ನಕ್ಷತ್ರಗಳಿಂದ. ಎರಡಕ್ಕೂ 5.24 ಸೆಕೆಂಡಿನ ಕೋನದಷ್ಟು ವ್ಯತ್ಯಾಸ ಬಂತು. ನೆಲದ ಮೇಲೆ ಅದು 160 ಮೀಟರಿನಷ್ಟು. ನಕ್ಷತ್ರ ನೋಡುವ ಉಪಕರಣವನ್ನು ನೇರ ನಿಲ್ಲಿಸುವುದು ತೂಗುಗುಂಡಿನ ಆಧಾರದ ಮೇಲೆ, ಕಲಿಯಾನಾದಿಂದ ಹಿಮಾಲಯ ದೂರವಿಲ್ಲ.

ಹಿಮಾಲಯ ಗುಂಡನ್ನು ಎಳೆದಿರಬೇಕು ಎಂದು ಕಲ್ಕತ್ತೆಯ ಪಾದ್ರಿ, ಗಣಿತಜ್ಞ ಜಾನ್ ಹೆನ್ರಿ ಪ್ರ್ಯಾಟ್ ಲೆಕ್ಕಕ್ಕೆ ಕೂತ. ಪರ್ವತದ ದ್ರವ್ಯರಾಶಿಯನ್ನು ಅಂದಾಜು ಮಾಡಿ ಕೂಡಿದಾಗ ಬರಬೇಕಿದ್ದ ವ್ಯತ್ಯಾಸ ಸುಮಾರು 15.9 ಸೆಕೆಂಡು ಎಂದಾಯಿತು. ಸಿಕ್ಕಿದ್ದು ಅದರ ಮೂರನೇ ಒಂದು ಭಾಗ. ಜಗತ್ತಿನ ಅತಿ ಎತ್ತರದ ಪರ್ವತಶ್ರೇಣಿ ತನ್ನ ಗಾತ್ರಕ್ಕೆ ತಕ್ಕಂತೆ ಎಳೆಯುತ್ತಿಲ್ಲ! ಲೆಕ್ಕ ತಪ್ಪಿರಲಿಲ್ಲ. ಗಣಿಗೆ ಲೋಲಕ ಇಳಿಸಿದ್ದ ಅದೇ ಏರಿ 1855ರಲ್ಲಿ ಉತ್ತರ ಸೂಚಿಸಿದ: ಪರ್ವತಗಳಿಗೆ ಆಳದಲ್ಲಿ ಬೇರುಗಳಿವೆ, ಹಗುರವಾದ ತೊಗಟೆಯ ಕಲ್ಲು ಕೆಳಗಿನ ಭಾರದ ಪದರದೊಳಕ್ಕೆ ಇಳಿದು ಪರ್ವತವನ್ನು ತೇಲಿಸಿ ಹಿಡಿದಿದೆ. ಮೇಲೆ ಹೆಚ್ಚಾದದ್ದನ್ನು ಕೆಳಗಿನ ಕೊರತೆ ಸರಿದೂಗಿಸುತ್ತದೆ. ಮುಂದೆ ಭೂಕಂಪದ ಅಲೆಗಳ ಅಧ್ಯಯನ ಈ ಬೇರುಗಳನ್ನು ಖಚಿತಪಡಿಸಿತು. ದಾರಕ್ಕೆ ಕಟ್ಟಿದ ಒಂದು ಗುಂಡು ಹತ್ತಾರು ಕಿಲೋಮೀಟರ್ ಆಳದ ಸುದ್ದಿ ಹೇಳಿದ್ದು ಹೀಗೆ.

ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಇದಕ್ಕಿಂತ ದೊಡ್ಡ ಒಗಟಿದೆ. ಅಲ್ಲಿನ ಎಳೆತ ಎಷ್ಟು ದುರ್ಬಲವೆಂದರೆ ನೀರು ಸುತ್ತಲಿನ ಬಲವಾದ ಎಳೆತದ ಕಡೆಗೆ ಸರಿದು, ಸಮುದ್ರದ ಮಟ್ಟವೇ ಲೆಕ್ಕದ ಮಟ್ಟಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿದೆ. ಹಡಗಿನವರಿಗೆ ಇಳಿಜಾರು ತಿಳಿಯುವುದಿಲ್ಲ, ಏಕೆಂದರೆ ನೀರಿನ ಮೇಲ್ಮೈ ಎಲ್ಲೆಡೆಯೂ ತೂಗುಗುಂಡಿನ ದಾರಕ್ಕೆ ಲಂಬವಾಗಿಯೇ ಇರುತ್ತದೆ. ಇದರ ಕಾರಣವನ್ನು ಹುಡುಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯೀ ಘೋಷ್ ಇದ್ದಾರೆ. 2023ರಲ್ಲಿ ಪ್ರಕಟವಾದ ಅವರ ಅಧ್ಯಯನ ಹದಿನಾಲ್ಕು ಕೋಟಿ ವರ್ಷಗಳ ಒಳಚಲನೆಯನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿತು. ಭಾರತ ಉತ್ತರಕ್ಕೆ ಸರಿದಾಗ ಟೆಥಿಸ್ ಸಾಗರದ ತಳ ಭೂಮಿಯೊಳಕ್ಕೆ ಮುಳುಗಿತು, ಅದು ಆಫ್ರಿಕಾದ ಅಡಿಯ ಬಿಸಿ ಪದಾರ್ಥವನ್ನು ಕಲಕಿತು, ಹಾಗೆ ಮೇಲೆದ್ದ ಬಿಸಿಯಾದ ಹಗುರ ಶಿಲೆ ಆ ಪ್ರದೇಶದ ಅಡಿ ಮತ್ತು ಆಸುಪಾಸಿನಲ್ಲಿ ತುಂಬಿಕೊಂಡು ಎಳೆತವನ್ನು ತಗ್ಗಿಸಿತು ಎಂಬುದು ಅವರ ತೀರ್ಮಾನ.

ಈಗ ತೂಗುಗುಂಡಿನ ಕೆಲಸವನ್ನು ಉಪಗ್ರಹಗಳು ಮಾಡುತ್ತಿವೆ. ಅಮೆರಿಕ ಮತ್ತು ಜರ್ಮನಿ 2002ರಲ್ಲಿ ಹಾರಿಸಿದ ‘ಗ್ರೇಸ್’ ಜೋಡಿ ಉಪಗ್ರಹಗಳು ಸುಮಾರು 220 ಕಿ.ಮೀ. ಅಂತರದಲ್ಲಿ ಒಂದರ ಹಿಂದೊಂದು ಸುತ್ತುತ್ತಿದ್ದವು. ಕೆಳಗೆ ದ್ರವ್ಯರಾಶಿ ಹೆಚ್ಚಿರುವ ಕಡೆ ಮುಂದಿನದನ್ನು ಮೊದಲು ಎಳೆತ ಹಿಡಿಯುತ್ತದೆ, ನಡುವಿನ ಅಂತರ ಬದಲಾಗುತ್ತದೆ, ಕೂದಲೆಳೆಯ ದಪ್ಪಕ್ಕಿಂತ ಸಣ್ಣ ಬದಲಾವಣೆಯನ್ನೂ ಬಿಡದೆ ಅದನ್ನೇ ಅಳೆಯುವುದು. ಇದೇ ಮಾಹಿತಿಯಿಂದ 2009ರಲ್ಲಿ ವಿಜ್ಞಾನಿಗಳು ರಾಜಸ್ಥಾನ, ಪಂಜಾಬ್, ಹರಿಯಾಣ ಮತ್ತು ದೆಹಲಿಯ ಅಡಿಯಿಂದ 2002ರಿಂದ 2008ರ ನಡುವೆ 109 ಘನ ಕಿಲೋಮೀಟರ್ ಅಂತರ್ಜಲ ಬರಿದಾಗಿದೆ ಎಂದು ತಿಳಿಸಿದರು. ಒಂದು ಬಾವಿಗೂ ಹಗ್ಗ ಇಳಿಸದೆ, ನೀರು ಹೋದ ಮೇಲೆ ಕುಗ್ಗಿದ ಎಳೆತದಿಂದ ಕಂಡುಕೊಂಡ ಸಂಗತಿ ಇದು.

ಆ ಜೋಡಿಯ ಕೆಲಸ 2017ರಲ್ಲಿ ಮುಗಿದು, 2018ರಲ್ಲಿ ಇನ್ನೊಂದು ಜೋಡಿ ಕಕ್ಷೆಗೆ ಹೋಗಿದೆ. ಒಂದು ತಾಲ್ಲೂಕನ್ನೋ ಜಿಲ್ಲೆಯನ್ನೋ ಬಿಡಿಯಾಗಿ ನೋಡುವಷ್ಟು ಸೂಕ್ಷ್ಮ ಅದಕ್ಕಿಲ್ಲ, ಹಲವು ನೂರು ಕಿಲೋಮೀಟರಿನ ಹರಹನ್ನು ಒಟ್ಟಾಗಿ ನೋಡುತ್ತದೆ. ಬಯಲುಸೀಮೆಯ ಕೊಳವೆಬಾವಿಗಳ ಮಟ್ಟದ ದಾಖಲೆಯನ್ನು ಇದರ ಪಕ್ಕದಲ್ಲಿಟ್ಟರೆ ಎರಡೂ ಒಂದಕ್ಕೊಂದು ಬೆಳಕಾಗುತ್ತವೆ. ಉಪಗ್ರಹದ ಅಂಕಿಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ನಮ್ಮ ಪದವಿ ಕಾಲೇಜುಗಳ ಭೌತಶಾಸ್ತ್ರ ಮತ್ತು ಭೂಗೋಳ ವಿಭಾಗಗಳು ಈ ಕೆಲಸವನ್ನು ವಿದ್ಯಾರ್ಥಿಗಳ ಕೈಗೆ ಕೊಡಲಿ.